ವಿಮಾನವೇರಿದ ಅವಕೆಂಪು ಲೇಸರ್

ಲೇಸರ್ ಎಂದೊಡನೆ ನಮಗೆ ನೆನಪಾಗುವುದು ಕಣ್ಣಿನ ಆಪರೇಷನ್, ಇಲ್ಲವೆ ಸಿನಿಮಾದ ಖಳನಾಯಕನ ಕೈಯಲ್ಲಿನ ಕೆಂಪು ಕಿರಣ. ಕೊರೆಯುವುದು, ಸುಡುವುದು, ಕತ್ತರಿಸುವುದು, ಇಷ್ಟೇ ಅದರ ಕೆಲಸ ಅಂತ ಬಹಳ ಮಂದಿ ತಿಳಿದಿದ್ದಾರೆ. ಈ ಲೇಖನದಲ್ಲಿ ಹೇಳಹೊರಟಿರುವ ಲೇಸರ್ ಒಂದು ಹಾಳೆ ಕಾಗದವನ್ನೂ ಸುಡಲಾರದು. ಅದರ ಬೆಳಕು ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಅದು ಹತ್ತೊಂಬತ್ತು ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ, ವಿಮಾನದೊಳಗೆ ಕುಳಿತು, ಗಾಳಿಯಲ್ಲಿರುವ ಒಂದು ಅನಿಲವನ್ನು ಎಣಿಸಿತು. ವಿಜ್ಞಾನಿಗಳು ಎರಡು ವರ್ಷದಿಂದ ವಾದ ಮಾಡುತ್ತಿದ್ದ ಒಂದು ಪ್ರಶ್ನೆಯನ್ನು ತೀರ್ಮಾನಿಸುವುದರಲ್ಲಿ ಆ ಎಣಿಕೆಗೆ ದೊಡ್ಡ ಪಾಲಿದೆ.

ಸೈನ್ಸ್ ಓದದ ಗೆಳೆಯರು ಪುಟ ಮಗುಚುವ ಅಗತ್ಯವಿಲ್ಲ. ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಕೇಳಿ ಮರೆತದ್ದನ್ನು ಕನ್ನಡದಲ್ಲಿ ಒಮ್ಮೆ ನಿಧಾನವಾಗಿ ಹೇಳಿಕೊಂಡರೆ ಎಲ್ಲರಿಗೂ ಅರ್ಥವಾಗುತ್ತೆ ಎಂಬ ನಂಬಿಕೆಯಿಂದಲೇ ಇದನ್ನು ಬರೆದಿದೆ. ಕನ್ನಡ ಪದ ಸುಲಭವಾಗಿ ಸಿಕ್ಕ ಕಡೆ ಅದನ್ನೇ ಬಳಸಿದ್ದೇನೆ. ಸಿಗದ ಕಡೆ ಲ್ಯಾಬಿನಲ್ಲಿ ನಾವು ಆಡುವ ಮಾತನ್ನೇ ಇಟ್ಟಿದ್ದೇನೆ.

1. ವಾದ ಏನಾಗಿತ್ತು?

ಭೂಮಿಯ ಮೇಲೆ ಸುಮಾರು 10ರಿಂದ 50 ಕಿ.ಮೀ. ಎತ್ತರದ ನಡುವಿನ ವಾಯುವಿನ ಪದರವನ್ನು ಸ್ಟ್ರಾಟೋಸ್ಫಿಯರ್ ಅನ್ನುತ್ತಾರೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಇದರ ಹೆಸರು ಸಮೋಷ್ಣ ಮಂಡಲ. ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಓಝೋನ್ ಅನಿಲದ ಬಹುಪಾಲು ಇಲ್ಲೇ ಇದೆ.

1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ಒಂದು ಲೇಖನ ಪ್ರಕಟಿಸಿದರು. ಅಂಟಾರ್ಕ್ಟಿಕದ ಹ್ಯಾಲಿ ಬೇ ಎಂಬ ಠಾಣ್ಯದಲ್ಲಿ ಅವರ ಸಂಸ್ಥೆ 1950ರ ದಶಕದಿಂದ ಓಝೋನ್ ಅಳೆಯುತ್ತ ಬಂದಿತ್ತು. ಅಲ್ಲಿ ಅಕ್ಟೋಬರ್ ತಿಂಗಳ ಓಝೋನ್ ಮೊದಲಿಗೆ 300 ಡಾಬ್ಸನ್ ಮಾನದ ಆಸುಪಾಸಿನಲ್ಲಿತ್ತು. 1984ರ ಹೊತ್ತಿಗೆ ಅದು 200ಕ್ಕೂ ಕೆಳಗೆ ಇಳಿದಿತ್ತು. ಇದನ್ನೇ ಆಮೇಲೆ ಎಲ್ಲರೂ 'ಓಝೋನ್ ರಂಧ್ರ' ಅಂತ ಕರೆದರು.

ಕಡಿಮೆ ಆಗಿದೆ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಏಕೆ ಆಯಿತು ಎಂಬಲ್ಲಿ ಮಾತ್ರ ಮೂರು ಪಕ್ಷಗಳಾದವು.

ಮೊದಲನೆಯದು ರಸಾಯನ ಪಕ್ಷ. ಫ್ರಿಜ್ಜು, ಏರ್ ಕಂಡೀಷನರ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್, ಅಂದರೆ ಸಿಎಫ್‌ಸಿ ಎಂಬ ಮಾನವನಿರ್ಮಿತ ಅನಿಲಗಳು ಮೇಲೇರಿ ಒಡೆದು ಕ್ಲೋರಿನ್ ಬಿಡುತ್ತವೆ, ಆ ಕ್ಲೋರಿನ್ ಓಝೋನನ್ನು ನಾಶ ಮಾಡುತ್ತದೆ ಎಂದು ಮೊಲಿನಾ ಮತ್ತು ರೋಲಂಡ್ 1974ರಲ್ಲೇ ಹೇಳಿದ್ದರು. ಅಂಟಾರ್ಕ್ಟಿಕದ ಚಳಿಗಾಲದ ಹಿಮಮೋಡಗಳ ಕಣಗಳ ಮೇಲೆ ಈ ಕೆಲಸ ಬಹಳ ಜೋರಾಗಿ ನಡೆಯಬಹುದು ಎಂದು 1986ರಲ್ಲಿ ಸೂಸನ್ ಸಾಲೊಮನ್ ಮತ್ತು ಸಂಗಡಿಗರು ಸೂಚಿಸಿದರು.

ಎರಡನೆಯದು ಗಾಳಿ ಪಕ್ಷ. ಅಂಟಾರ್ಕ್ಟಿಕದಲ್ಲಿ ಚಳಿಗಾಲ ಮುಗಿದು ಸೂರ್ಯ ಮರಳಿ ಬಂದಾಗ ಅಲ್ಲಿಯ ಗಾಳಿ ಮೇಲಕ್ಕೆ ಏಳುತ್ತದೆ, ಕೆಳಗಿನ ಪದರದಲ್ಲಿರುವ ಓಝೋನ್ ಕಡಿಮೆಯ ಗಾಳಿ ಮೇಲೆ ಬಂದು ಕೂರುತ್ತದೆ. ಓಝೋನ್ ನಾಶವಾಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೆ ಎಂಬುದು ಇವರ ವಾದ.

ಮೂರನೆಯದು ಸೂರ್ಯ ಪಕ್ಷ. ಸೌರ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಬಹಳ ಎತ್ತರದಲ್ಲಿ ಹುಟ್ಟಿದ ನೈಟ್ರೋಜನ್ ಆಕ್ಸೈಡುಗಳು ಕೆಳಗಿಳಿದು ಓಝೋನನ್ನು ತಿಂದಿವೆ ಅಂತ.

ಇದು ಬರಿಯ ಪಂಡಿತರ ಚರ್ಚೆಯಾಗಿರಲಿಲ್ಲ. ಎರಡನೆಯದೋ ಮೂರನೆಯದೋ ನಿಜವಾದರೆ ಮನುಷ್ಯ ಮಾಡುವಂಥದ್ದು ಏನೂ ಇಲ್ಲ. ಮೊದಲನೆಯದು ನಿಜವಾದರೆ ಒಂದು ದೊಡ್ಡ ಉದ್ಯಮವನ್ನೇ ಜಗತ್ತಿನಾದ್ಯಂತ ಬದಲಾಯಿಸಬೇಕು, ಅದೂ ಬೇಗ. ತಡಮಾಡಿದಷ್ಟೂ ಮೇಲೆ ಹೋಗಿ ಕೂರುವ ಕ್ಲೋರಿನ್ ಹೆಚ್ಚುತ್ತೆ. ಅದು ಕೆಳಗೆ ಬರಲು ದಶಕಗಳು ಬೇಕು.

ಹಾಗಾದರೆ ತೀರ್ಮಾನ ಮಾಡುವುದು ಹೇಗೆ? ಓಝೋನನ್ನು ಇನ್ನೂ ಹತ್ತು ಸಲ ಅಳೆದರೆ ಆಗುವುದಿಲ್ಲ. ಓಝೋನ್ ಕಡಿಮೆ ಇದೆ ಎಂಬುದನ್ನು ಮೂವರೂ ಒಪ್ಪುತ್ತಾರಲ್ಲ! ಯಾವುದರ ಬಗ್ಗೆ ಅವರ ಮಾತುಗಳು ಒಂದಕ್ಕೊಂದು ಎದುರಾಗಿವೆಯೋ ಅದನ್ನು ಅಳೆಯಬೇಕು. ಈ ಪಾಠದ ತಿರುಳು ಇದೇ. ದಯವಿಟ್ಟು ಮನಸ್ಸಿನಲ್ಲಿಡಿ.

2. ನಗೆ ಅನಿಲದ ಗುಣ

ನೈಟ್ರಸ್ ಆಕ್ಸೈಡ್ ಎಂಬ ಅನಿಲ ನಿಮಗೆ ಗೊತ್ತಿರಬಹುದು. ಹಲ್ಲು ಕೀಳುವಾಗ ನೋವು ತಿಳಿಯದಿರಲಿ ಎಂದು ಕೊಡುತ್ತಿದ್ದ ನಗೆ ಅನಿಲ ಇದೇ. ಎರಡು ನೈಟ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು ಒಂದೇ ಸಾಲಿನಲ್ಲಿ ಕೈಹಿಡಿದು ನಿಂತಿರುವ ಅಣು. ಮಣ್ಣಿನ ಬ್ಯಾಕ್ಟೀರಿಯಾಗಳು ಇದನ್ನು ಉತ್ಪತ್ತಿ ಮಾಡುತ್ತವೆ. ಹೊಲಕ್ಕೆ ಹಾಕುವ ಸಾರಜನಕ ಗೊಬ್ಬರದಿಂದಲೂ ಬರುತ್ತದೆ.

ಇದರ ಒಂದು ಗುಣ ನಮ್ಮ ಪ್ರಶ್ನೆಗೆ ಹೇಳಿಮಾಡಿಸಿದಂತಿದೆ. ಕೆಳಗಿನ ವಾಯುಮಂಡಲದಲ್ಲಿ ಅದು ಯಾರ ತಂಟೆಗೂ ಹೋಗುವುದಿಲ್ಲ. ಮಳೆಯಲ್ಲಿ ತೊಳೆದು ಹೋಗುವುದಿಲ್ಲ, ಬೇರೆ ಅನಿಲದೊಡನೆ ಕೂಡುವುದಿಲ್ಲ. ನೂರು ವರ್ಷಕ್ಕೂ ಹೆಚ್ಚು ಅದರ ಆಯುಸ್ಸು. ಸ್ಟ್ರಾಟೋಸ್ಫಿಯರಿನಲ್ಲಿ ಬಹಳ ಮೇಲೆ ಹೋದಾಗ ಮಾತ್ರ ಅತಿನೇರಳೆ ಬೆಳಕಿಗೆ ಸಿಕ್ಕಿ ನಿಧಾನವಾಗಿ ಒಡೆಯುತ್ತದೆ. ಆದ್ದರಿಂದ ನೆಲದ ಹತ್ತಿರ ಅದು ಎಲ್ಲ ಕಡೆ ಸಮನಾಗಿದೆ. 1987ರಲ್ಲಿ ನೂರು ಕೋಟಿ ಗಾಳಿಯ ಅಣುಗಳಲ್ಲಿ 300ಕ್ಕಿಂತ ತುಸು ಹೆಚ್ಚು. ಸ್ಟ್ರಾಟೋಸ್ಫಿಯರಿನಲ್ಲಿ ಎತ್ತರ ಹೆಚ್ಚಿದಂತೆ ಅದು ಕಡಿಮೆಯಾಗುತ್ತ ಹೋಗುತ್ತದೆ.

ಈಗ ಯೋಚಿಸಿ. ಒಂದು ಮುಷ್ಟಿ ಗಾಳಿ ಹಿಡಿದು ಅದರಲ್ಲಿ ಎಷ್ಟು ನೈಟ್ರಸ್ ಆಕ್ಸೈಡ್ ಇದೆ ಅಂತ ನೋಡಿದರೆ ಆ ಗಾಳಿ ಎಲ್ಲಿಂದ ಬಂತು ಅಂತ ಹೇಳಬಹುದು. ಜಾಸ್ತಿ ಇದ್ದರೆ ಕೆಳಗಿಂದ ಏರಿ ಬಂದದ್ದು. ಕಡಿಮೆ ಇದ್ದರೆ ಮೇಲಿಂದ ಇಳಿದು ಬಂದದ್ದು. ಊರಿಂದ ಬಂದ ಬಸ್ಸಿನ ಟೈರಿಗೆ ಅಂಟಿದ ಮಣ್ಣನ್ನು ನೋಡಿ, ಕೆಂಪು ಮಣ್ಣಾದರೆ ಮಲೆನಾಡು, ಕಪ್ಪು ಮಣ್ಣಾದರೆ ಧಾರವಾಡದ ಕಡೆ ಅನ್ನುವುದಿಲ್ಲವೆ, ಹಾಗೆ.

ಗಾಳಿ ಪಕ್ಷ ನಿಜವಾದರೆ ರಂಧ್ರದೊಳಗಿನ ಗಾಳಿಯಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚಿರಬೇಕು. ರಸಾಯನ ಪಕ್ಷಕ್ಕೆ ಅಂಥ ಅಗತ್ಯವಿಲ್ಲ. ಅಳೆಯಬೇಕಾದ್ದು ಯಾವುದು ಎಂದು ಗೊತ್ತಾಯಿತು. ಅಳೆಯುವುದು ಹೇಗೆ?

3. ಅಣುವಿನ ಶ್ರುತಿ

ಸಂಗೀತ ಕಚೇರಿಯಲ್ಲಿ ಒಂದು ತಂಬೂರಿಯನ್ನು ಮೀಟಿದರೆ ಪಕ್ಕದಲ್ಲಿ ಸುಮ್ಮನಿಟ್ಟ, ಅದೇ ಶ್ರುತಿಗೆ ಕೂಡಿಸಿದ ಇನ್ನೊಂದು ತಂಬೂರಿಯ ತಂತಿಯೂ ಸಣ್ಣಗೆ ಮಿಡಿಯುತ್ತದೆ. ಶ್ರುತಿ ಸೇರದ ತಂತಿ ಅಲುಗುವುದಿಲ್ಲ. ಅಣುಗಳದ್ದೂ ಇದೇ ಕಥೆ. ಪರಮಾಣುಗಳ ನಡುವಿನ ಬಂಧ ಸ್ಪ್ರಿಂಗಿನಂತೆ ಎಳೆದಾಡುತ್ತ, ಬಾಗುತ್ತ ಕಂಪಿಸುತ್ತದೆ. ಪ್ರತಿಯೊಂದು ಬಗೆಯ ಅಣುವಿಗೂ ತನ್ನದೇ ಆದ ಕೆಲವು ಕಂಪನಸಂಖ್ಯೆಗಳಿವೆ. ಅದೇ ಕಂಪನಸಂಖ್ಯೆಯ ಬೆಳಕು ಬಂದರೆ ಅಣು ಅದನ್ನು ಹೀರುತ್ತದೆ. ಬೇರೆ ಬೆಳಕನ್ನು ಹಾಗೆಯೇ ಹೋಗಗೊಡುತ್ತದೆ.

ಈ ಕಂಪನಗಳು ಕಣ್ಣಿಗೆ ಕಾಣುವ ಬೆಳಕಿನಲ್ಲಿಲ್ಲ, ಕೆಂಪು ಬಣ್ಣದಿಂದ ಆಚೆಗೆ ಅವಕೆಂಪಿನಲ್ಲಿವೆ. ಕ್ಲಾಸಿನಲ್ಲಿ ಇನ್‌ಫ್ರಾರೆಡ್ ಎಂದು ಕೇಳಿದ್ದೀರಲ್ಲ, ಅದೇ. ನೈಟ್ರಸ್ ಆಕ್ಸೈಡ್ ತರಂಗಾಂತರ 4.5 ಮೈಕ್ರಾನ್ ಹತ್ತಿರ ಗಟ್ಟಿಯಾಗಿ ಹೀರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಗಾಳಿಯ ಬಹುಪಾಲಾದ ನೈಟ್ರೋಜನ್ ಮತ್ತು ಆಕ್ಸಿಜನ್ ಎರಡೆರಡು ಒಂದೇ ಬಗೆಯ ಪರಮಾಣುಗಳ ಜೋಡಿಗಳು. ಅವು ಅವಕೆಂಪನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ಇದು ನಮ್ಮ ಅದೃಷ್ಟ. ಸಂತೆಯಲ್ಲಿ ಎಲ್ಲರೂ ಸುಮ್ಮನಿದ್ದರೆ ಬೇಕಾದವನೊಬ್ಬನ ದನಿ ಕೇಳುವುದು ಸುಲಭ ನೋಡಿ.

ಆದರೆ ಮಾಮೂಲಿ ಅವಕೆಂಪು ದೀಪ ಸಾಲದು. ಅಣು ಹೀರುವ ಜಾಗ, ಅಂದರೆ ಅದರ 'ಗೆರೆ', ಬಹಳ ತೆಳುವಾದದ್ದು. ದೀಪದ ಬೆಳಕು ಅಗಲವಾದದ್ದು. ಅಗಲ ಬ್ರಷ್ಷಿನಲ್ಲಿ ಕುಂಕುಮದ ಬೊಟ್ಟು ಇಡಲು ಹೋದಂತೆ. ಲೇಸರಿನ ಬೆಳಕು ಆ ಗೆರೆಗಿಂತಲೂ ತೆಳು. ಅಷ್ಟೇ ಅಲ್ಲ, ಅರೆವಾಹಕ ಡಯೋಡಿನಿಂದ ಮಾಡಿದ ಲೇಸರಾದರೆ ಅದರೊಳಗೆ ಹರಿಯುವ ವಿದ್ಯುತ್ತನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿದರೆ ಸಾಕು, ಬೆಳಕಿನ ತರಂಗಾಂತರ ತುಸು ಸರಿಯುತ್ತದೆ. ತಂಬೂರಿಯ ಬಿರಡೆ ತಿರುಗಿಸಿದ ಹಾಗೆ! ಗೆರೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಲೇಸರನ್ನು ಸರಿಸುತ್ತ ಹೋದರೆ ನಡುವೆ ಬೆಳಕು ತಗ್ಗಿ ಮತ್ತೆ ಏರುತ್ತದೆ. ಆ ತಗ್ಗಿನ ಆಳವೇ ಅನಿಲದ ಪ್ರಮಾಣವನ್ನು ಹೇಳುತ್ತದೆ.

4. ಪೆಟ್ಟಿಗೆಯ ಒಳಗೆ

ಉಪಕರಣದ ಚಿತ್ರವನ್ನು ಮಾತಿನಲ್ಲೇ ಬರೆಯುತ್ತೇನೆ. ಒಂದು ಉದ್ದನೆಯ ಕೊಳವೆ. ಹೊರಗಿನ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಹೋಗುತ್ತದೆ. ಕೊಳವೆಯ ಎರಡು ತುದಿಗೂ ಒಂದೊಂದು ನಿಮ್ನ ಕನ್ನಡಿ. ಲೇಸರಿನ ಕಿರಣ ಒಳಹೊಕ್ಕು, ಎರಡು ಕನ್ನಡಿಗಳ ನಡುವೆ ಹತ್ತಾರು ಸಲ ಹೋಗಿಬಂದು, ಕೊನೆಗೆ ಹೊರಬಂದು ಬೆಳಕು ಅಳೆಯುವ ಡಿಟೆಕ್ಟರಿನ ಮೇಲೆ ಬೀಳುತ್ತದೆ.

ಇಷ್ಟು ಓಡಾಟ ಏಕೆ? ಲೆಕ್ಕ ಮಾಡಿ ನೋಡೋಣ. ಒಂದು ಮೀಟರ್ ದಾರಿಯಲ್ಲಿ ಬೆಳಕಿನ ಸಾವಿರದಲ್ಲಿ ಒಂದು ಪಾಲು ಹೀರಿಹೋಗುತ್ತದೆ ಅಂತಿಟ್ಟುಕೊಳ್ಳಿ. ಸಾವಿರ ರೂಪಾಯಿಯಲ್ಲಿ ಒಂದು ರೂಪಾಯಿ ಕಳೆದರೆ ಯಾರಿಗೂ ಗೊತ್ತಾಗದು, ಉಪಕರಣಕ್ಕೂ ಅಷ್ಟೆ. ಅದೇ 80 ಮೀಟರ್ ದಾರಿ ನಡೆಸಿದರೆ? ಉಳಿಯುವುದು 0.999ನ್ನು 80 ಸಲ ತನ್ನಲ್ಲೇ ಗುಣಿಸಿದಷ್ಟು, ಅಂದರೆ ಸುಮಾರು 0.923. ಸಾವಿರದಲ್ಲಿ 77 ಪಾಲು ಹೀರಿಹೋಯಿತು. ಇದನ್ನು ಅಳೆಯಬಹುದು. (80 ಪಾಲು ಅಲ್ಲ, 77. ಏಕೆಂದರೆ ಮುಂದಿನ ಮೀಟರಿಗೆ ಬರುವಾಗ ಬೆಳಕೇ ಕಡಿಮೆ ಆಗಿರುತ್ತದೆ. ಬಿಯರ್ ಮತ್ತು ಲ್ಯಾಂಬರ್ಟ್ ಹೆಸರಿನ ನಿಯಮ ಇದೇ.) ವಿಮಾನದಲ್ಲಿ 80 ಮೀಟರ್ ಉದ್ದದ ಕೊಳವೆ ಇಡಲಾಗದು, ಕನ್ನಡಿಗಳಿಂದ ಆ ಉದ್ದವನ್ನು ಮಡಿಸಿ ಇಡಬಹುದು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಕಟ್ಟಿದ ಏಲಿಯಾಸ್ ಎಂಬ ವಿಮಾನ ಲೇಸರ್ ಉಪಕರಣದಲ್ಲಿ ದಾರಿ ಹೀಗೆ ಸುಮಾರು 80 ಮೀಟರ್ ಇತ್ತು.

ಇನ್ನೊಂದು ಉಪಾಯವೂ ಇದೆ. ಲೇಸರಿನ ತರಂಗಾಂತರವನ್ನು ಗೆರೆಯ ಮೇಲೆ ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ಅಲ್ಲಾಡಿಸುತ್ತಾರೆ. ಅನಿಲದಿಂದಾಗುವ ಬದಲಾವಣೆ ಅದೇ ತಾಳಕ್ಕೆ ಕುಣಿಯುತ್ತದೆ, ವಿಮಾನದ ನಡುಕದಿಂದಾಗುವ ಗದ್ದಲ ಆ ತಾಳಕ್ಕೆ ಕುಣಿಯುವುದಿಲ್ಲ. ತಾಳಕ್ಕೆ ಸೇರಿದ್ದನ್ನು ಮಾತ್ರ ಆರಿಸಿಕೊಂಡರೆ ಗದ್ದಲದ ಬಹುಭಾಗ ಬಿಟ್ಟುಹೋಗುತ್ತದೆ. ಜೊತೆಗೆ ತಿಳಿದ ಪ್ರಮಾಣದ ಅನಿಲವನ್ನು ಕೊಳವೆಗೆ ಬಿಟ್ಟು ತಾಳೆ ನೋಡುವುದೂ ಇದ್ದೇ ಇದೆ. ತಕ್ಕಡಿ ಎಷ್ಟೇ ಒಳ್ಳೆಯದಾದರೂ ಬಟ್ಟು ಸರಿಯಿರಬೇಕಲ್ಲ.

ಆಗಿನ ಕಾಲದ ತೊಂದರೆ ಎಂದರೆ ಈ ತರಂಗಾಂತರದ ಡಯೋಡುಗಳನ್ನು ಸೀಸದ ಲವಣಗಳಿಂದ ಮಾಡುತ್ತಿದ್ದರು. ಅವು ಕೆಲಸ ಮಾಡಬೇಕಾದರೆ ದ್ರವ ನೈಟ್ರೋಜನ್ನಿನಷ್ಟು, ಅಂದರೆ ಮೈನಸ್ 196 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣ್ಣಗಿರಬೇಕು. ದೊಡ್ಡ ಥರ್ಮಾಸ್ ಫ್ಲಾಸ್ಕಿನಂಥ ಪಾತ್ರೆಯಲ್ಲಿ ದ್ರವ ನೈಟ್ರೋಜನ್ ತುಂಬಿಕೊಂಡೇ ಅವು ವಿಮಾನ ಹತ್ತಬೇಕಿತ್ತು.

5. ವಿಮಾನವೇ ಏಕೆ?

ಉಪಗ್ರಹದಿಂದ ನೋಡಬಾರದೆ? ಬಲೂನು ಹಾರಿಸಬಾರದೆ? ಎರಡೂ ಉಪಯೋಗದವೇ. ಆದರೆ ಉಪಗ್ರಹ ದೂರದಿಂದ ದೊಡ್ಡ ಪ್ರದೇಶದ ಸರಾಸರಿಯನ್ನು ಕೊಡುತ್ತದೆ. ಬಲೂನು ನೆಟ್ಟಗೆ ಏರುತ್ತದೆ, ಆಮೇಲೆ ಗಾಳಿ ಕೊಂಡೊಯ್ದ ಕಡೆ ಹೋಗುತ್ತದೆ. ಅಂಟಾರ್ಕ್ಟಿಕದ ಸುತ್ತ ಚಳಿಗಾಲದಲ್ಲಿ ಗಾಳಿಯ ಒಂದು ಬೃಹತ್ ಸುಳಿ ಇರುತ್ತದೆ. ಅದರ ಅಂಚು ಗೋಡೆಯ ಹಾಗೆ. ಹೊರಗಿನಿಂದ ಆ ಗೋಡೆಯನ್ನು ದಾಟಿ ಒಳಹೋಗುತ್ತ ಹೆಜ್ಜೆಹೆಜ್ಜೆಗೂ ಅಳೆಯಬೇಕಿದ್ದರೆ ವಿಮಾನವೇ ಬೇಕು.

ಅಂಥ ವಿಮಾನ ನಾಸಾ ಬಳಿ ಇತ್ತು. ಹೆಸರು ಇಆರ್-2. ಯು-2 ಎಂಬ ಬೇಹುಗಾರಿಕೆ ವಿಮಾನದ ವಿಜ್ಞಾನ ರೂಪ. ಉದ್ದ ರೆಕ್ಕೆ, ಒಂದೇ ಎಂಜಿನ್, ಒಬ್ಬನೇ ಪೈಲಟ್. ಸುಮಾರು 20 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹಾರುತ್ತದೆ. ಉಪಕರಣ ಸೆಕೆಂಡಿಗೊಂದು ಅಳತೆ ಕೊಟ್ಟರೆ 200 ಮೀಟರಿಗೊಂದು ಅಳತೆ ಸಿಕ್ಕಿತು. ಅಲ್ಲಿ ಗಾಳಿಯ ಒತ್ತಡ ನೆಲದ ಒತ್ತಡದ ಇಪ್ಪತ್ತನೆಯ ಒಂದು ಭಾಗದಷ್ಟು. ಪೈಲಟ್ ಗಗನಯಾತ್ರಿಯಂತೆ ಒತ್ತಡದ ಉಡುಪು ಧರಿಸಿರಬೇಕು. ಉಪಕರಣ ನೋಡಿಕೊಳ್ಳಲು ವಿಜ್ಞಾನಿ ಜೊತೆಗೆ ಹೋಗುವ ಹಾಗಿಲ್ಲ. ಪೆಟ್ಟಿಗೆ ತನ್ನ ಪಾಡಿಗೆ ತಾನೇ ಕೆಲಸ ಮಾಡಬೇಕು.

ಒತ್ತಡ ಕಡಿಮೆ ಇರುವುದರಿಂದ ಒಂದು ಲಾಭವೂ ಉಂಟು. ನೆಲದ ಹತ್ತಿರ ಅಣುಗಳು ಒಂದಕ್ಕೊಂದು ಸದಾ ಡಿಕ್ಕಿ ಹೊಡೆಯುತ್ತಿರುವುದರಿಂದ ಅವುಗಳ ಗೆರೆಗಳು ಅಗಲವಾಗಿ ಒಂದರ ಮೇಲೊಂದು ಬಿದ್ದಿರುತ್ತವೆ. ಮೇಲೆ ಹೋದಂತೆ ಡಿಕ್ಕಿ ಕಡಿಮೆ, ಗೆರೆ ತೆಳು. ಇದು ನೈಟ್ರಸ್ ಆಕ್ಸೈಡಿನದು, ಇದು ಬೇರೆಯದು ಅಂತ ಬಿಡಿಬಿಡಿಯಾಗಿ ಗುರುತಿಸಬಹುದು.

6. 1987, ಪುಂಟಾ ಅರೆನಾಸ್

ದಕ್ಷಿಣ ಅಮೆರಿಕದ ತುದಿಯಲ್ಲಿ ಚಿಲಿ ದೇಶಕ್ಕೆ ಸೇರಿದ ಪುಂಟಾ ಅರೆನಾಸ್ ಎಂಬ ಊರಿದೆ. ಸುಮಾರು 53 ಡಿಗ್ರಿ ದಕ್ಷಿಣ ಅಕ್ಷಾಂಶ. 1987ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇಆರ್-2 ಅಲ್ಲಿಂದ ಹೊರಟು ಅಂಟಾರ್ಕ್ಟಿಕದ ಮೇಲೆ ಸುಮಾರು 72 ಡಿಗ್ರಿವರೆಗೆ ಹೋಗಿ ಹಿಂತಿರುಗುವ ಹಾರಾಟ ಕೈಗೊಂಡಿತು. ಹೋಗಲು ಎರಡು ಸಾವಿರ ಕಿ.ಮೀ.ಗೂ ಮಿಕ್ಕಿದ ದಾರಿ, ಬರಲು ಅಷ್ಟೇ. ಕೆಳಗೆ ಹಿಮ ಮತ್ತು ಸಮುದ್ರ. ಎಂಜಿನ್ ನಿಂತರೆ ಇಳಿಯಲು ಜಾಗವಿಲ್ಲ. ಹೀಗೆ 12 ಸಲ ಹೋಗಿಬಂತು. ಡಿಸಿ-8 ಎಂಬ ದೊಡ್ಡ ವಿಮಾನವೊಂದು ಕೆಳಗಿನ ಎತ್ತರದಲ್ಲಿ ಬೇರೆಯಾಗಿ ಹಾರುತ್ತಿತ್ತು.

ಇಆರ್-2 ಹೊತ್ತಿದ್ದ ಉಪಕರಣಗಳಲ್ಲಿ ಒಂದು ಅಟ್ಲಾಸ್. ನಾಸಾ ಏಮ್ಸ್ ಕೇಂದ್ರದ ಮ್ಯಾಕ್ಸ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರದು. ಇದೇ ನಮ್ಮ ಅವಕೆಂಪು ಲೇಸರ್. ಅದು ಅಳೆದದ್ದು ನೈಟ್ರಸ್ ಆಕ್ಸೈಡ್. ಇನ್ನೊಂದು ಹಾರ್ವರ್ಡಿನ ಜೇಮ್ಸ್ ಆಂಡರ್ಸನ್ ಅವರ ಉಪಕರಣ. ಅದು ಅವಕೆಂಪಿನದಲ್ಲ, ಅತಿನೇರಳೆ ಬೆಳಕಿನಿಂದ ಕ್ಲೋರಿನ್ ಮಾನಾಕ್ಸೈಡನ್ನು ಪತ್ತೆ ಮಾಡುವಂಥದ್ದು. ಕ್ಲೋರಿನ್ ಓಝೋನನ್ನು ಕೊಲ್ಲುವಾಗ ಹುಟ್ಟುವ ಅಣು ಇದು. ಹಿಡಿದರೆ ಕೈಯಲ್ಲಿ ಚೂರಿ ಹಿಡಿದವನನ್ನೇ ಹಿಡಿದ ಹಾಗೆ.

ಫಲಿತಾಂಶ ಹೀಗೆ ಬಂತು. ಸುಳಿಯ ಗೋಡೆ ದಾಟಿ ಒಳಗೆ ಹೋದಂತೆ ಕ್ಲೋರಿನ್ ಮಾನಾಕ್ಸೈಡ್ ಒಮ್ಮೆಲೆ ಏರಿತು. ಆಗಸ್ಟ್ ಕೊನೆಯ ವಾರಕ್ಕೆ ಓಝೋನ್ ಇನ್ನೂ ಅಷ್ಟು ಇಳಿದಿರಲಿಲ್ಲ. ಸೆಪ್ಟೆಂಬರ್ 16ರ ಹಾರಾಟದಲ್ಲಿ ಕ್ಲೋರಿನ್ ಮಾನಾಕ್ಸೈಡಿನ ರೇಖೆ ಏರಿದ ಕಡೆಯಲ್ಲೆಲ್ಲ ಓಝೋನಿನ ರೇಖೆ ಇಳಿದಿತ್ತು. ಒಂದು ರೇಖೆ ಇನ್ನೊಂದರ ಕನ್ನಡಿಯ ಬಿಂಬದಂತೆ.

ಗಾಳಿ ಪಕ್ಷದವರು ಇಲ್ಲಿಯೂ ಒಂದು ಮಾತು ಎತ್ತಬಹುದಿತ್ತು: ಎರಡೂ ಒಟ್ಟಿಗೆ ಬದಲಾದವು ಅಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅನ್ನಬಹುದೆ? ಬೇರೆ ಗಾಳಿ ಬಂದು ಸೇರಿದರೂ ಎರಡೂ ಬದಲಾಗುತ್ತವಲ್ಲ? ಇಲ್ಲಿ ಲೇಸರಿನ ಸಾಕ್ಷ್ಯ ಬೇಕಾಯಿತು. ಸುಳಿಯ ಒಳಗೆ ನೈಟ್ರಸ್ ಆಕ್ಸೈಡ್ ಹೊರಗಿಗಿಂತ ಹೆಚ್ಚಿರಲಿಲ್ಲ. ಸ್ಪಷ್ಟವಾಗಿ ಕಡಿಮೆ ಇತ್ತು. ಅಂದರೆ ಆ ಗಾಳಿ ಕೆಳಗಿಂದ ಏರಿದ್ದಲ್ಲ, ಚಳಿಗಾಲದಲ್ಲಿ ಮೇಲಿಂದ ಇಳಿದದ್ದು. ಮೇಲಿಂದ ಇಳಿದ ಗಾಳಿಯಲ್ಲಿ ಓಝೋನ್ ಹೆಚ್ಚಿರಬೇಕಿತ್ತು, ಕಡಿಮೆ ಅಲ್ಲ. ಮತ್ತೆ, ವಾರಗಳು ಕಳೆದಂತೆ ಓಝೋನ್ ಇಳಿಯುತ್ತ ಹೋದರೂ ನೈಟ್ರಸ್ ಆಕ್ಸೈಡ್ ಅದರ ಜೊತೆಗೆ ಏರಲಿಲ್ಲ. ಗಾಳಿ ಬದಲಾಗಿಲ್ಲ, ಓಝೋನ್ ಮಾತ್ರ ಮಾಯ. ಇದ್ದಲ್ಲೇ ನಾಶವಾಗಿದೆ ಎಂದೇ ಅರ್ಥ. ನೈಟ್ರೋಜನ್ ಆಕ್ಸೈಡುಗಳನ್ನು ಬೇರೆ ಉಪಕರಣಗಳಿಂದ ನೋಡಿದಾಗ ಅವೂ ಕಡಿಮೆಯೇ ಇದ್ದವು; ಹೀಗಾಗಿ ಸೂರ್ಯ ಪಕ್ಷವೂ ಬಿದ್ದುಹೋಯಿತು.

ಕಾಕತಾಳೀಯವೆಂದರೆ ಅದೇ 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್ಲಿನಲ್ಲಿ ಸಿಎಫ್‌ಸಿ ಕಡಿಮೆ ಮಾಡುವ ಒಪ್ಪಂದಕ್ಕೆ ಸಹಿಯಾಯಿತು. ಈ ಹಾರಾಟದ ಫಲಿತಾಂಶ ನೋಡಿ ಆದ ಸಹಿ ಅದಲ್ಲ. ಮಾತುಕತೆ ಮೊದಲೇ ನಡೆದಿತ್ತು. ಆದರೆ ಮೊದಲ ಒಪ್ಪಂದ ಸಿಎಫ್‌ಸಿಯನ್ನು ಅರ್ಧಕ್ಕೆ ಇಳಿಸುವಷ್ಟೇ ಆಗಿತ್ತು. ಕಾರಣ ಖಚಿತವಾದ ಮೇಲೆ, 1990ರಲ್ಲಿ ಲಂಡನ್ನಿನಲ್ಲಿ ಅದನ್ನು ಪೂರ್ತಿ ನಿಲ್ಲಿಸುವ ತೀರ್ಮಾನವಾಯಿತು. ಭಾರತ 1992ರಲ್ಲಿ ಒಪ್ಪಂದ ಸೇರಿತು. ಅಂಟಾರ್ಕ್ಟಿಕದ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದು ಎಂದು ವಿಶ್ವಸಂಸ್ಥೆಯ ಆಶ್ರಯದ 2022ರ ವೈಜ್ಞಾನಿಕ ಪರಾಮರ್ಶೆ ಅಂದಾಜು ಮಾಡಿದೆ.

7. ಆಮೇಲೆ ಏನಾಯಿತು?

ಕ್ಲೋರಿನ್ ಎಲ್ಲಿಂದ ಬಿಡುಗಡೆಯಾಯಿತು ಎಂಬ ಪ್ರಶ್ನೆಯೂ ಇತ್ತು. ಸಾಮಾನ್ಯವಾಗಿ ಅದು ಹೈಡ್ರೋಜನ್ ಕ್ಲೋರೈಡ್ ಮುಂತಾದ ನಿರುಪದ್ರವಿ ಅಣುಗಳಲ್ಲಿ ಬಂದಿಯಾಗಿರುತ್ತದೆ. ಹಿಮಮೋಡದ ಕಣಗಳ ಮೇಲೆ ಈ ಬಂಧ ಕಳಚುತ್ತದೆ ಎಂಬುದು ನಿಜವಾದರೆ, ಕ್ಲೋರಿನ್ ಮಾನಾಕ್ಸೈಡ್ ಹೆಚ್ಚಿದ ಕಡೆ ಹೈಡ್ರೋಜನ್ ಕ್ಲೋರೈಡ್ ಕಡಿಮೆ ಆಗಿರಲೇಬೇಕು. 1991-92ರ ಚಳಿಗಾಲದಲ್ಲಿ ಉತ್ತರ ಧ್ರುವದ ಕಡೆ ನಡೆದ ಇಆರ್-2 ಹಾರಾಟಗಳಲ್ಲಿ, ಮೇಲೆ ಹೇಳಿದ ಏಲಿಯಾಸ್ ಉಪಕರಣದಿಂದ ಕ್ರಿಸ್ಟೋಫರ್ ವೆಬ್‌ಸ್ಟರ್ ತಂಡ ಅಳೆದದ್ದು ಇದನ್ನೇ. ಒಂದು ಏರಿದಲ್ಲಿ ಇನ್ನೊಂದು ಇಳಿದಿತ್ತು.

1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕ್ವಾಂಟಂ ಕ್ಯಾಸ್ಕೇಡ್ ಎಂಬ ಹೊಸ ಬಗೆಯ ಅವಕೆಂಪು ಲೇಸರ್ ತಯಾರಾಯಿತು. 1999ರ ಹೊತ್ತಿಗೆ ಅದೂ ಇಆರ್-2 ಏರಿತು. ಈ ಜಾತಿಯ ಲೇಸರುಗಳು ಈಗ ದ್ರವ ನೈಟ್ರೋಜನ್ನಿನ ಹಂಗಿಲ್ಲದೆ ನಡೆಯುತ್ತವೆ. ವೆಬ್‌ಸ್ಟರ್ ಅವರ ಇದೇ ವಿದ್ಯೆ 2012ರಲ್ಲಿ ಕ್ಯೂರಿಯಾಸಿಟಿ ಬಂಡಿಯ ಜೊತೆ ಮಂಗಳ ಗ್ರಹದ ಮೇಲೂ ಇಳಿಯಿತು.

ನಮ್ಮ ತಲೆಯ ಮೇಲಿನ ಗಾಳಿಯನ್ನೂ ಈ ಲೇಸರುಗಳು ನೋಡಿವೆ. 2017ರ ಜುಲೈ, ಆಗಸ್ಟ್ ತಿಂಗಳಲ್ಲಿ ಯೂರೋಪಿನ ವಿಜ್ಞಾನಿಗಳು ರಷ್ಯದ ಜಿಯೋಫಿಸಿಕಾ ಎಂಬ ಎತ್ತರದ ವಿಮಾನವನ್ನು ಕಠ್ಮಂಡುವಿನಲ್ಲಿ ನಿಲ್ಲಿಸಿ ನೇಪಾಳ, ಭಾರತ, ಬಾಂಗ್ಲಾದೇಶಗಳ ಮೇಲೆ ಎಂಟು ಹಾರಾಟ ನಡೆಸಿದರು. ಮಳೆಗಾಲದ ದೊಡ್ಡ ಮೋಡಗಳು ನೆಲದ ಗಾಳಿಯನ್ನು ಸ್ಟ್ರಾಟೋಸ್ಫಿಯರಿನ ಬಾಗಿಲವರೆಗೆ ಎತ್ತುತ್ತವೆಯೆ ಎಂಬುದು ಪ್ರಶ್ನೆ. ಇಲ್ಲಿ ಆರಿಸಿಕೊಂಡ ಸಾಕ್ಷಿಗಳಲ್ಲಿ ಒಂದು ಕಾರ್ಬನ್ ಮಾನಾಕ್ಸೈಡ್. ಒಲೆ, ವಾಹನ, ಸುಡುವ ಕಸ ಇವುಗಳ ಹೊಗೆಯಲ್ಲಿ ಇರುವಂಥದ್ದು. ಒಂದೆರಡು ತಿಂಗಳಷ್ಟೇ ಅದರ ಆಯುಸ್ಸು. ಅದು 16-17 ಕಿ.ಮೀ. ಮೇಲೆ ಸುತ್ತಮುತ್ತಲಿಗಿಂತ ಹೆಚ್ಚು ಸಿಕ್ಕರೆ ಗಾಳಿ ಇತ್ತೀಚೆಗೆ ನೆಲದಿಂದ ಹೋದದ್ದೇ ಸರಿ. ವಿಮಾನದಲ್ಲಿದ್ದ ಇಟಲಿಯವರ ಕ್ವಾಂಟಂ ಕ್ಯಾಸ್ಕೇಡ್ ಲೇಸರ್ ಉಪಕರಣಕ್ಕೆ ಅದು ಸಿಕ್ಕಿತು. ನಮ್ಮ ಊರುಗಳ ಹೊಗೆ ನಮ್ಮ ಊರಲ್ಲೇ ಉಳಿಯುವುದಿಲ್ಲ ಅಂತಾಯಿತು.

8. ಸಾಕ್ಷಿಯ ಮೇಲೇ ಆರೋಪ

ಕೊನೆಗೆ ನಗೆ ಅನಿಲಕ್ಕೆ ಮರಳೋಣ. ಅದು ಯಾರ ತಂಟೆಗೂ ಹೋಗದು ಎಂದು ಹೇಳಿದ್ದು ಕೆಳಗಿನ ವಾಯುಮಂಡಲದ ಮಟ್ಟಿಗೆ ಸರಿ. ಮೇಲೆ ಹೋಗಿ ಒಡೆಯುವಾಗ ಅದರ ಒಂದು ಪಾಲು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಓಝೋನನ್ನು ಒಡೆದು, ತಾನು ಮತ್ತೆ ಮೊದಲಿನಂತಾಗಿ, ಇನ್ನೊಂದನ್ನು ಒಡೆಯುತ್ತದೆ. ಈ ಚಕ್ರವನ್ನು ಪಾಲ್ ಕ್ರುಟ್ಜೆನ್ 1970ರಲ್ಲೇ ವಿವರಿಸಿದ್ದರು. ಹಾಗಾದರೆ ಮನುಷ್ಯರು ಇಂದು ಬಿಡುತ್ತಿರುವ ಅನಿಲಗಳಲ್ಲಿ ಓಝೋನಿಗೆ ಅತಿ ಹೆಚ್ಚು ಹಾನಿ ಮಾಡುವುದು ಯಾವುದು? ಸಿಎಫ್‌ಸಿ ಹತೋಟಿಗೆ ಬಂದ ಮೇಲೆ ಆ ಸ್ಥಾನ ನೈಟ್ರಸ್ ಆಕ್ಸೈಡಿನದು ಎಂದು 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಮೂವರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಅವರಲ್ಲಿ ಮೊದಲ ಹೆಸರು ಎ. ಆರ್. ರವಿಶಂಕರ. ಆ 'ಎ' ಎಂದರೆ ಅಕ್ಕಿಹೆಬ್ಬಾಳು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋದವರು.

ಮಾಂಟ್ರಿಯಲ್ ಒಪ್ಪಂದದ ಪಟ್ಟಿಯಲ್ಲಿ ನೈಟ್ರಸ್ ಆಕ್ಸೈಡ್ ಇಲ್ಲ. ಇದನ್ನು ನಿಲ್ಲಿಸುವುದು ಸ್ಪ್ರೇ ಡಬ್ಬಿ ನಿಲ್ಲಿಸಿದಷ್ಟು ಸುಲಭವೂ ಅಲ್ಲ. ಗೊಬ್ಬರ ಬೇಡ ಎಂದರೆ ಅನ್ನ ಬೇಡ ಎಂದ ಹಾಗಾದೀತು. ಬೆಳೆಗೆ ಬೇಕಾದಷ್ಟೇ, ಬೇಕಾದ ಹೊತ್ತಿಗೆ ಹಾಕಿದರೆ ಮಣ್ಣಿನಿಂದ ಅನಿಲವಾಗಿ ಹೋಗುವುದು ಕಡಿಮೆಯಾಗುತ್ತೆ, ರೈತನ ದುಡ್ಡೂ ಉಳಿಯುತ್ತೆ. 1987ರಲ್ಲಿ 300 ಚಿಲ್ಲರೆ ಇದ್ದ ಅದರ ಪ್ರಮಾಣ ಈಗ ನೂರು ಕೋಟಿಗೆ 330 ದಾಟಿದೆ. ಅಳೆಯುವ ಕೆಲಸ ಮುಗಿದಿಲ್ಲ. ಆಗ ಅದನ್ನು ಸಾಕ್ಷಿಯಾಗಿ ಅಳೆದರು, ಈಗ ಆರೋಪಿಯಾಗಿ ಅಳೆಯುತ್ತಿದ್ದಾರೆ.

ಮನನಕ್ಕೆ ಕೆಲವು ಪ್ರಶ್ನೆಗಳು

1. ಒಂದು ಮೀಟರಿಗೆ ಸಾವಿರದಲ್ಲಿ ಒಂದು ಪಾಲು ಬೆಳಕು ಹೀರಿಹೋಗುವುದಾದರೆ 160 ಮೀಟರ್ ದಾರಿಯಲ್ಲಿ ಎಷ್ಟು ಹೀರಿಹೋಗುತ್ತದೆ? ಅದು 80 ಮೀಟರಿನದರ ಎರಡರಷ್ಟಕ್ಕಿಂತ ಏಕೆ ಕಡಿಮೆ?

2. ಕಳೆದ ಎರಡು ವಾರದಲ್ಲಿ ಗಾಳಿ ನೆಲದಿಂದ ಮೇಲೇರಿತೆ ಎಂದು ತಿಳಿಯಬೇಕಾದರೆ ನೈಟ್ರಸ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಇವೆರಡರಲ್ಲಿ ಯಾವುದನ್ನು ಅಳೆಯುತ್ತೀರಿ? ಏಕೆ?

3. 1987ರಲ್ಲಿ ಸುಳಿಯ ಒಳಗೆ ನೈಟ್ರಸ್ ಆಕ್ಸೈಡ್ ಹೆಚ್ಚಾಗಿ ಸಿಕ್ಕಿದ್ದರೆ ಯಾವ ಪಕ್ಷಕ್ಕೆ ಬಲ ಬರುತ್ತಿತ್ತು?

4. ನಿಮ್ಮ ವಿಷಯದಲ್ಲಿ, ಅದು ಇತಿಹಾಸವಾಗಲಿ ಅರ್ಥಶಾಸ್ತ್ರವಾಗಲಿ, ಒಂದೇ ಘಟನೆಗೆ ಎರಡು ಕಾರಣ ಹೇಳುವ ಒಂದು ವಾದವನ್ನು ಆರಿಸಿಕೊಳ್ಳಿ. ಯಾವ ಒಂದು ಸಂಗತಿಯನ್ನು ನೋಡಿದರೆ ಆ ಎರಡರಲ್ಲಿ ಒಂದು ಬೀಳುತ್ತದೆ?

ನಾಲ್ಕನೆಯದಕ್ಕೆ ಉತ್ತರ ಬರೆದವರು ಸಂಘದ ಮುಂದಿನ ಸಭೆಗೆ ತನ್ನಿ. ಅಲ್ಲೇ ಚರ್ಚೆ ಮಾಡೋಣ.